ಫುಲ್ವಿಯಾದ ಮೇಲಿನ ಕಲೆ

ನಮ್ಮಣ್ಣ ವಾದಿರಾಜನ ಮನೆಗೆ ಯಾರೇ ಬರಲಿ, ಕಾಫಿಗೆ ಮುಂಚೆ ಕಾರಿನ ಚರಿತ್ರೆ ಕೇಳಲೇಬೇಕಿತ್ತು. ಬಸವನಗುಡಿಯ ಆ ಮನೆಯ ಶೆಡ್ಡಿನಲ್ಲಿ ದಂತದ ಬಣ್ಣದ, ಎರಡೇ ಬಾಗಿಲಿನ ಇಟಲಿ ಕಾರೊಂದಿತ್ತು: ಲ್ಯಾನ್ಸಿಯಾ ಫುಲ್ವಿಯಾ ಕೂಪೆ, ಅರವತ್ತೇಳನೆಯ ಇಸವಿಯದು. ಇಲ್ಲಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದಿದ್ದ ಇಟಲಿಯ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿದ್ದನ್ನು ಅಣ್ಣ ಕೊಂಡಿದ್ದ. ಆಗಿನ್ನೂ ಅವನು ಕಾಲೇಜಿಗೆ ಹೊಸ ಮೇಷ್ಟ್ರು. ಫುಲ್ವಿಯಾ ಅನ್ನುವುದು ರೋಮನ್ನರ ಕಾಲದ ಒಂದು ರಸ್ತೆಯ ಹೆಸರಂತೆ. ಇದೇ ಜಾತಿಯ ಕಾರು ಎಪ್ಪತ್ತೆರಡರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತಂತೆ. ಎಂಜಿನ್ನಿನ ನಾಲ್ಕು ಸಿಲಿಂಡರುಗಳನ್ನು ಹೇಗೆ ಒತ್ತಾಗಿ, ಓರೆಯಾಗಿ ಕೂರಿಸಿದ್ದಾರೆ ಅನ್ನುವುದಕ್ಕೆ ಅವನು ಎರಡೂ ಕೈಯ ಬೆರಳು ಹೆಣೆದು ತೋರಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾನು ಅವನ ಎದುರಿಗೇ ಅನ್ನುತ್ತಿದ್ದೆ.

ಕುಸುಮತ್ತಿಗೆ ಅದಕ್ಕೆ ಇಟ್ಟಿದ್ದ ಹೆಸರು ಸವತಿ. "ಸವತಿಗೆ ಸ್ನಾನ ಆಯ್ತೇನ್ರೀ?" ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಆದರೆ ಆಯುಧಪೂಜೆಯ ದಿನ ಆ ಸವತಿಗೆ ಗಂಧ, ಕುಂಕುಮ, ಸೇವಂತಿಗೆ ಹಾರ ಎಲ್ಲಾ ಅವಳ ಕೈಯಿಂದಲೇ ಆಗಬೇಕು. ಅಣ್ಣನಿಗೆ ಅದೇ ಸಂಕಟ. ತಿಳಿ ಬಣ್ಣಕ್ಕೆ ಒದ್ದೆ ಕುಂಕುಮ ತಾಗಿದರೆ ಕಲೆ ಬಿಡುತ್ತದೆ. ಮಂಗಳಾರತಿ ಮುಗಿದು ಅವಳು ಒಳಗೆ ಹೋದಳೋ ಇಲ್ಲವೋ, ಈತ ಒದ್ದೆ ಬಟ್ಟೆ ಹಿಡಿದು ಕಳ್ಳನ ಹಾಗೆ ಶೆಡ್ಡಿಗೆ ನುಗ್ಗುತ್ತಿದ್ದ. ಅವಳಿಗೆ ಗೊತ್ತಾಗಿ ವರ್ಷಾ ವರ್ಷಾ ಜಗಳ. "ದೇವರಿಗೆ ಇಟ್ಟ ಕುಂಕುಮ ಒರೆಸ್ತೀರಲ್ರೀ, ಒಂದಿನ ಆದ್ರೂ ಇರ್ಲಿ." ಒಂದು ದಿನವೂ ಅವನು ಇರಗೊಡಲಿಲ್ಲ.

ಕಡೆಯ ವರ್ಷ ಅತ್ತಿಗೆಗೆ ಕ್ಯಾನ್ಸರು. ನಿಲ್ಲುವ ಶಕ್ತಿಯೂ ಇರಲಿಲ್ಲ. ಆದರೂ ಆಯುಧಪೂಜೆಯ ದಿನ ಹಟ ಮಾಡಿ ಶೆಡ್ಡಿಗೆ ಬಂದಳು. ಅಂಗೈಯಲ್ಲಿ ಕುಂಕುಮ ಕಲಸಿ ಬಾನೆಟ್ಟಿಗೆ ಬೊಟ್ಟಿಡಲು ಬಗ್ಗಿದವಳಿಗೆ ತಲೆ ಸುತ್ತಿತು. ಬೀಳದಿರಲು ಕಾರನ್ನೇ ಹಿಡಿದಳು. ಮೂರು ಬೆರಳು ಬಾನೆಟ್ಟಿನ ಮೇಲೆ ಊರಿ ಕೆಳಗೆ ಜಾರಿದವು. ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಅವಳು ಮನೆಗೆ ಬರಲಿಲ್ಲ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಣ್ಣ ಶೆಡ್ಡಿಗೆ ಹೋಗಿ ನೋಡಿದ. ಕುಂಕುಮ ಬಣ್ಣದೊಳಕ್ಕೆ ಇಳಿದುಬಿಟ್ಟಿತ್ತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ನಾನು ಮಾವಳ್ಳಿಯ ನಮ್ಮನೆಯಿಂದ ಹುರುಳಿಕಾಯಿ ಪಲ್ಯ ತಗೊಂಡು ಹೋದಾಗ ಶೆಡ್ಡಿನಲ್ಲಿ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಏನೋ ಅಣ್ಣ, ನಿನ್ನ ಕಾರಿಗೆ ಜ್ವರ ಬಂದಿದೆಯಾ?" ಅಂದೆ.

ಅವನು ನಗಲಿಲ್ಲ. ಕೈ ತೆಗೆದು ತೋರಿಸಿದ. ನಸುಗೆಂಪು ಮೂರು ಗೆರೆ. ಗೊತ್ತಿಲ್ಲದವರಿಗೆ ಅದು ಬರೀ ಕಲೆ. ಅವತ್ತು ನಡೆದದ್ದನ್ನೆಲ್ಲ ಹೇಳಿದ. ಹೇಳಿ ಮುಗಿಸಿ ಅವನು, "ಧೃತಿಗೆ ಹೇಳ್ಬೇಡ ವಿದ್ಯಾ, ಆಣೆ ಹಾಕು" ಅಂದ.

ಧೃತಿ ಅವನ ಒಬ್ಬಳೇ ಮಗಳು, ಮಲ್ಲೇಶ್ವರದ ಸೊಸೆ. ಹಬ್ಬದ ದಿನ ಸೊಸೆ ಅತ್ತೆಮನೆಯ ಪೂಜೆಯಲ್ಲಿರಬೇಕು ಎಂದು ಅವಳು ಆ ಕಡೆಯ ಆಯುಧಪೂಜೆಗೆ ಬಂದಿರಲಿಲ್ಲ. ಬೆಳಿಗ್ಗೆ ಅತ್ತಿಗೆಯೇ ಫೋನಿನಲ್ಲಿ, "ಅಲ್ಲಿನ ಪೂಜೆ ಬಿಟ್ಟು ಬರ್ಬೇಡ, ನಾಳೆ ಬಾ" ಅಂದಿದ್ದಳು. ಆ ನಾಳೆಯ ಹೊತ್ತಿಗೆ ಅತ್ತಿಗೆಗೆ ಪ್ರಜ್ಞೆಯಿರಲಿಲ್ಲ. ಆ ಕೊರಗು ಹುಡುಗಿಯನ್ನು ಇನ್ನೂ ಬಿಟ್ಟಿಲ್ಲ. ನಾನು ಆಣೆ ಹಾಕಿದೆ.

ಹೋದ ವರ್ಷ ಅಣ್ಣನ ಮಂಡಿ ಕ್ಲಚ್ಚು ಒತ್ತಲಾರದಷ್ಟು ಕೆಟ್ಟಿತು. ಕಾರು ಮಾರುತ್ತೇನೆ ಅಂದ. ನಾನು ರೇಗಿದೆ. ನಿನಗೇನು ಬುದ್ಧಿ ಕೆಟ್ಟಿದೆಯಾ, ಅತ್ತಿಗೆಯ ಕೈ ಅದರ ಮೇಲಿದೆ ಅಂದೆ.

"ಅದಕ್ಕೇ ಮಾರ್ತಿರೋದು" ಅಂದ ಅವನು. "ನಾನು ಹೋದ್ಮೇಲೆ ಧೃತಿ ಯಾರಿಗೋ ಕೊಟ್ಬಿಡ್ತಾಳೆ. ಅವನು ಮೊದಲು ಮಾಡೋ ಕೆಲಸ ಏನು ಹೇಳು? ಹೊಸ ಬಣ್ಣ ಹೊಡ್ಸೋದು. ಈಗ ನಾನೇ ನೋಡಿ, ಬಣ್ಣ ಮುಟ್ಟದೇ ಇರೋವನಿಗೆ ಕೊಟ್ರೆ, ನಾನಿಲ್ದೇ ಇದ್ರೂ ಅವಳ ಬೆರಳು ಇರತ್ತೆ."

 

ಕೇಳಿಕೊಂಡು ಬಂದವರು ಒಬ್ಬರಾ ಇಬ್ಬರಾ. ಕಡುಗೆಂಪು ಹೊಡೆಸಿದರೆ ಬೆಂಕಿ ಹಾಗಿರುತ್ತೆ ಅಂದವನಿಗೆ ಅಣ್ಣ ಕಾಫಿಯನ್ನೂ ಕೊಡದೆ ಕಳಿಸಿದ. ಕಡೆಗೆ ಬಂದವನು ಚಾಮರಾಜಪೇಟೆಯ ಮುತ್ತುರಾಜ್. ಸೈಟು, ಬಿಲ್ಡಿಂಗು ಅಂತ ವ್ಯವಹಾರ ಇಟ್ಟುಕೊಂಡವನು, ಹಳೇ ಕಾರುಗಳ ಹುಚ್ಚು. ಅವನು ಕಾರಿನ ಕೆಳಗೆ ಮಲಗಿ ನೋಡಿದ, ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಮೈಯೆಲ್ಲಾ ಇಟ್ಟು ನೋಡಿದ. ಎದ್ದವನ ಕಣ್ಣು ಒದ್ದೆಯಾದ ಹಾಗಿತ್ತು.

"ಸರ್, ಫ್ಯಾಕ್ಟರಿ ಬಣ್ಣ. ಎಲ್ಲೂ ಕೈ ಆಡ್ಸಿಲ್ಲ. ಹೊಸ ಬಣ್ಣ ಎಷ್ಟು ಸಲ ಬೇಕಾದ್ರೂ ಹೊಡಿಬೋದು ಸರ್, ಇದು ಒಂದೇ ಸಲ. ನಮ್ಮ ಲೈನಲ್ಲಿ ಬೆಲೆ ಇರೋದೇ ಇದಕ್ಕೆ." ಆಮೇಲೆ ಬಾನೆಟ್ಟಿನ ಹತ್ತಿರ ಬಗ್ಗಿ, "ಇದೊಂದು ಕಲೆ ಇದೆಯಲ್ಲ" ಅಂದ.

"ಅದು ಇರ್ಲಿ" ಅಂದ ಅಣ್ಣ. "ಬಣ್ಣ ಮುಟ್ಟಲ್ಲ ಅಂತ ಮಾತು ಕೊಟ್ರೆ ಕಾರು ನಿಮ್ದು."

"ದೇವ್ರಾಣೆ ಮುಟ್ಟಲ್ಲ ಸರ್. ಬೇರೆಯವರಿಗೂ ಮುಟ್ಟೋಕೆ ಬಿಡಲ್ಲ."

ಆವತ್ತು ರಾತ್ರಿ ಅಣ್ಣ ಎರಡು ಸಲ ಹುಳಿ ಹಾಕಿಸಿಕೊಂಡು ಊಟ ಮಾಡಿದ. ಅತ್ತಿಗೆ ಹೋದ ಮೇಲೆ ಅವನು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ.

ಕಾರು ಕಳಿಸುವ ಹಿಂದಿನ ದಿನ ಧೃತಿ ಬಂದಳು. ಅಪ್ಪ ಕಾರು ಬಿಟ್ಟಿರಲಾರದೆ ಒದ್ದಾಡುತ್ತಾರೆ ಅಂತ ಅವಳಿಗೆ ಚಿಂತೆ. "ಅತ್ತೆ, ಅಪ್ಪನ್ನ ನಿಮ್ಮನೇಗೆ ಕರ್ಕೊಂಡ್ಹೋಗಿ, ರಾತ್ರಿ ಅಲ್ಲೇ ಇರ್ಲಿ. ಇಲ್ಲೇ ಇದ್ರೆ ಶೆಡ್ಡಿಗೇ ಹೋಗಿ ಹೋಗಿ ಬರ್ತಿರ್ತಾರೆ" ಅಂದಳು. ಸರಿಯಾದ ಮಾತೇ. ನಾನು ಅವನನ್ನು ಮಾವಳ್ಳಿಗೆ ಕರೆದುಕೊಂಡು ಹೋದೆ.

ಬೆಳಿಗ್ಗೆ ನಾವು ಬಂದಾಗ ಕಾರು ಗೇಟಿನ ಹತ್ತಿರ ನಿಂತಿತ್ತು. ಬಾಗಿಲಿಗೆ ರಂಗೋಲಿ, ಕಾರಿಗೆ ಹಾರ. ಧೃತಿ ರೇಷ್ಮೆ ಸೀರೆ ಉಟ್ಟು ಓಡಿ ಬಂದಳು.

"ನೋಡಿ ಅಪ್ಪ, ಪಾಲಿಶ್ ಮಾಡೋರನ್ನ ಕರ್ಸಿದ್ದೆ. ಮನೆ ಮಗಳನ್ನ ಕಳಿಸೋವಾಗ ಹಾಗೇ ಕಳಿಸ್ತೀವಾ?"

ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾನೆಟ್ಟಿನ ಮೇಲೆ ಏನೂ ಇರಲಿಲ್ಲ.

ಅಣ್ಣ ಹತ್ತಿರ ಹೋದ. ಆ ಜಾಗದ ಮೇಲೆ ಅಂಗೈ ಸವರಿದ, ಬಗ್ಗಿ ಪಕ್ಕದಿಂದ ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ನನ್ನ ಮೈಯೆಲ್ಲಾ ಉರಿಯಿತು. "ಏನೇ ಮಾಡಿದ್ದೀಯ ನೀನು" ಅಂತ ಬಾಯಿ ತೆರೆದೆ. ಅಣ್ಣ ನನ್ನ ಮಣಿಕಟ್ಟು ಹಿಡಿದ. ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

"ಚೆನ್ನಾಗಿದೆ ಕಣಮ್ಮ" ಅಂದ ಮಗಳಿಗೆ. "ತುಂಬಾ ಚೆನ್ನಾಗಿದೆ."

ಅಷ್ಟರಲ್ಲಿ ಮುತ್ತುರಾಜ್ ಬಂದ. ಮೊದಲು ಗಾಬರಿಯಾಗಿ ಯಂತ್ರ ಹಿಡಿದು ಮೈಯೆಲ್ಲಾ ಅಳೆದ. ಆಮೇಲೆ ಮುಖ ಅರಳಿತು. "ಪುಣ್ಯಕ್ಕೆ ಬಣ್ಣ ಹಾಗೇ ಇದೆ ಸರ್. ಕಲೆ ಮಾತ್ರ ಹೋಗಿದೆ. ಇದ್ದಿದ್ದೊಂದೇ ಐಬು, ಅದೂ ಹೋಯ್ತು. ಇನ್ನು ಇದರ ಬೆಲೆ ಕೇಳ್ಬೇಡಿ. ನೀವೇನೂ ಯೋಚನೆ ಮಾಡ್ಬೇಡಿ, ಕೊಟ್ಟ ಮಾತು ಕೊಟ್ಟಿದ್ದೇ, ಬಣ್ಣ ನಾನು ಮುಟ್ಟಲ್ಲ."

ಅಣ್ಣ ಬೀಗದ ಕೈ ಅವನ ಕೈಯಲ್ಲಿಟ್ಟ.

"ಆ ಮಾತು ಬಿಟ್ಬಿಡಿ" ಅಂದ. "ನಿಮಗೆ ಯಾವ ಬಣ್ಣ ಇಷ್ಟಾನೋ ಹೊಡಿಸ್ಕೊಳ್ಳಿ."

ಮುತ್ತುರಾಜ್ ತಮಾಷೆ ಅಂದುಕೊಂಡು ಸ್ವಲ್ಪ ನಕ್ಕ. ಆಮೇಲೆ ಅಣ್ಣನಿಗೆ ನಮಸ್ಕಾರ ಮಾಡಿ ಕಾರು ಹತ್ತಿದ. ಅದು ತಿರುವು ದಾಟುವ ತನಕವೂ ಕಾಯದೆ ಅಣ್ಣ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ.

ಧೃತಿ ಆರತಿ ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಅತ್ತೆ, ಅಪ್ಪ ಯಾಕೆ ಹಾಗಂದ್ರು? ನಾನೇನಾದ್ರೂ ತಪ್ಪು ಮಾಡಿದ್ನಾ?"

ಅವಳ ಮುಖ ನೋಡಿದೆ. ಮೂಗು, ಗಲ್ಲ ಎಲ್ಲಾ ಅತ್ತಿಗೆಯದೇ. ನನ್ನ ಸಿಟ್ಟೆಲ್ಲ ಇಳಿದುಹೋಗಿ ಬರೀ ಅಳು ಉಳಿಯಿತು.

"ಇಲ್ಲ ಕಣೆ, ಕಾರು ಹೋಯ್ತಲ್ಲ, ಆ ಬೇಜಾರು" ಅಂದೆ.

ಅವಳಿಗೆ ಸಮಾಧಾನವಾಯಿತು. ಬಾಗಿಲ ಮೆಟ್ಟಿಲ ಮೇಲೆ ಕೂತು ಕೈಬೆರಳು ನೀವಿಕೊಂಡಳು. ತುದಿಯೆಲ್ಲಾ ಕೆಂಪಾಗಿ ಸುಲಿದಿತ್ತು.

"ಆ ಬಾನೆಟ್ ಮೇಲಿನ ಕಲೆ ಇತ್ತಲ್ಲ ಅತ್ತೆ, ಪಾಲಿಶ್‌ನವರು ಅದು ಹೋಗಲ್ಲ ಮೇಡಂ ಅಂತ ಕೈ ಚೆಲ್ಬಿಟ್ರು. ಅಮ್ಮ ಇದ್ದಿದ್ರೆ ಬಿಡ್ತಿದ್ಲಾ ಅಂದ್ಕೊಂಡು ನಾನೇ ಕೂತು ಉಜ್ಜಿದೆ. ಪೂರ್ತಿ ಹೋಗೋ ತನಕ ಏಳ್ಲಿಲ್ಲ."