ಹಳೇ ಕಂಪ್ಯೂಟರಿನ ಬಾಗಿಲು ತಟ್ಟುವವರು

ಮನೆಯ ಸೊಸೆ ಒಗೆದ ಬಟ್ಟೆಯನ್ನು ಹಿಂಡಿ ಹರವುತ್ತಿದ್ದಳು. ಬಾಗಿಲಲ್ಲಿ ಒಬ್ಬ ತಾಯಿ, ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿಯನ್ನು ಎತ್ತಿಕೊಂಡು ನಿಂತಿದ್ದಳು.

"ಹೊಸ ಶೂ ಆಯ್ತಾ ಅಕ್ಕಾ? ಹಳೇದು ಕಚ್ಚಿ ಹಿಮ್ಮಡಿ ಹುಣ್ಣಾಗಿದೆ. ಅಳತೆನ ಯಾವತ್ತಿನ ಹಾಗೆ ನಿಮ್ಮ ಕಂಪ್ಯೂಟರಿಗೆ ಕಳಿಸಿಯಾಗಿದೆ ಅಂತಾರೆ ಆಸ್ಪತ್ರೆಯವರು."

ಕಾಲಿನಲ್ಲಿ ಉದ್ದಗಿಡ್ಡ ಇರುವ ಮಕ್ಕಳಿಗೆ ಶೂ ಹೊಲಿಯುವುದು ಆ ಮನೆಯ ಕಸುಬು. ಅಳತೆ ಬಂದೇ ಇರಲಿಲ್ಲ. ಎಲ್ಲಿ ತಪ್ಪಿತೆಂದು ಹೊಳೆದಾಗ ಅವಳು ಬಟ್ಟೆಯನ್ನು ಅಲ್ಲೇ ಬಿಟ್ಟು ಗಂಡನನ್ನು ಕೂಗಿದಳು.

ಕೆಲವು ತಿಂಗಳ ಹಿಂದಿನವರೆಗೂ ಮಾವನ ಕಾಲದ ಕಂಪ್ಯೂಟರೊಂದು ಹೊಲಿಗೆ ಕೋಣೆಯ ಮೂಲೆಯಲ್ಲಿ ಗೊರಗೊರ ಅನ್ನುತ್ತ ಕೂತಿತ್ತು. ಹೊಸದು ಬಂದಾಗ ಗಂಡ ಅದನ್ನು ತೆಗೆಯಲು ಹೊರಟ. ಆಫೀಸೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಾದಿನಿ ತಡೆದಳು.

"ತಡಿಯೋ ಅಣ್ಣಾ. ಹೊರಗಿಂದ ಇದಕ್ಕೆ ಯಾವ್ಯಾವ ಕಂಪ್ಯೂಟರಿನವರು ಬಂದುಹೋಗ್ತಾರೆ, ಮೊದಲು ಗೊತ್ತಾಗ್ಲಿ."

"ಅದಕ್ಕೆ ದುಡ್ಡು ಯಾರು ಕೊಡ್ತಾರೆ, ನಿನ್ನ ಗಂಡನಾ?"

"ಬಿಡಿಗಾಸೂ ಬೇಡ. ಕಾವಲಿಗೆ ಫೈರ್‌ವಾಲ್ ಅದರೊಳಗೇ ಇದೆ. ಬಂದವರ ವಿಳಾಸ ಬರ್ಕೋ ಅಂತ ಒಂದ್ಸಲ ಹೇಳಿಕೊಟ್ರೆ ಫೈಲಿಗೆ ಬರೀತಾ ಹೋಗುತ್ತೆ. ಆದ್ರೆ ನಿಮ್ಮ ಕಸುಬಿನ ಒಂದು ಸುತ್ತು ಪೂರ್ತಿ ಮುಗೀಲಿ. ಅವಸರ ಮಾಡ್ಬೇಡ."

ಒಂದು ವಾರ ಬರೆಯಿತು. ಬಂದವೆಲ್ಲ ಮನೆಯ ಕಂಪ್ಯೂಟರುಗಳೇ.

"ನಮ್ಮನ್ನ ನಾವೇ ಕಾಯೋಕೆ ಕಾವಲುಗಾರ ಬೇರೆ ಕೇಡು" ಎಂದು ನಕ್ಕ ಗಂಡ ಅದನ್ನು ಗುಜರಿಗೆ ಕೊಟ್ಟ. ಹೆಂಡತಿಗೂ ಮೂಲೆ ಖಾಲಿಯಾದರೆ ಸಾಕಿತ್ತು.

ಆಸ್ಪತ್ರೆಯ ಅಳತೆ ಬರುತ್ತಿದ್ದುದು ಆರು ತಿಂಗಳಿಗೊಮ್ಮೆ, ಮಕ್ಕಳ ಕಾಲು ಬೆಳೆದ ಮೇಲೆ. ಮಾವ ಮಾಡಿಸಿದ್ದ ಏರ್ಪಾಡು ಅದು. ಅದು ಹಳೇ ಕಂಪ್ಯೂಟರಿಗೇ ಬರುತ್ತದೆಂಬುದು ಅವರು ತೀರಿಕೊಂಡ ಮೇಲೆ ಯಾರಿಗೂ ನೆನಪಿರಲಿಲ್ಲ.

ಈಗ ಗಂಡ ಅಳತೆಯ ಟೇಪು ಹಿಡಿದು ಹುಡುಗಿಯ ಮುಂದೆ ಕೂತ. ಮುಟ್ಟಿದ್ದೇ ತಡ, ಹುಡುಗಿ ಕಾಲು ಹಿಂದಕ್ಕೆಳೆದುಕೊಂಡಳು.

"ತಂಗಿ ಬಡ್ಕೊಂಡ್ಲು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ" ಎಂದ. "ಇನ್ಮೇಲೆ ಅವಳು ಹೇಳ್ದೆ ಒಂದು ವೈರೂ ಕೀಳಲ್ಲ."

ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ಇಂಥ ಹಳೇ ಕಂಪ್ಯೂಟರ್ ಇದ್ದರೆ, ಬಂದುಹೋಗುವವರ ವಿಳಾಸವನ್ನು ಇವತ್ತೇ ಬರೆಸಲು ಶುರುಮಾಡಿ. ವರ್ಷಕ್ಕೊಮ್ಮೆ ಬರುವವರೂ ಬಂದುಹೋಗಲಿ. ಅವರಿಗೆ ಹೊಸ ದಾರಿ ತೋರಿಸಿ, ಆಮೇಲೆ ಸ್ವಿಚ್ಚಿಗೆ ಕೈ ಹಾಕಿ.

ಅಷ್ಟು ಹೊತ್ತೂ ಆ ಹುಡುಗಿಯ ಹಿಮ್ಮಡಿಯನ್ನೇ ನೋಡುತ್ತಿದ್ದ ಆ ಮನೆಯ ಪುಟ್ಟ ಮಗಳು ತನ್ನ ತಾಯಿಯ ಸೆರಗು ಜಗ್ಗಿದಳು.

"ಅಮ್ಮಾ, ಇವಳು ಬಂದಿದ್ದಕ್ಕೆ ಗೊತ್ತಾಯ್ತು. ಬರದೇ ಇರೋರು ಇನ್ನೂ ಎಷ್ಟು ಜನ ಇದ್ದಾರೆ?"