ಬೋಣಿ ಕೆಡಿಸುವವರು ಯಾರು?

ವಕೀಲ ನಂದೀಶ್ವರಯ್ಯನವರು ಮಧುಗಿರಿಯಲ್ಲಿ ಬೋರ್ಡು ಹಾಕಿದ ದಿನವೇ ಭೀಮಕ್ಕನ ಕಡ್ಲೆಪುರಿ ಅಂಗಡಿಯ ಕೇಸು ಮುನ್ಸೀಫ್ ಕೋರ್ಟಿಗೆ ಬರಬೇಕೆ! ಮಹಾರಾಜರ ವರ್ಧಂತಿಯ ಸಂತೋಷಕ್ಕೆ ಸಣ್ಣ ವ್ಯಾಪಾರಿಗಳ ಕೇಸು ಪುಕ್ಕಟೆ ನಡೆಸುತ್ತೇನೆ, ಕಾಸು ಮುಟ್ಟುವುದಿಲ್ಲ ಎಂದು ಆ ಪುಣ್ಯಾತ್ಮರು ಟಾಂಟಾಂ ಕೂಡ ಹೊಡೆಸಿದ್ದರು. ಅಂಗಡಿ ಜಾಗದ ಮಾಲೀಕ ಶಂಕರಲಿಂಗಪ್ಪ, ಅಳಿಯನಿಗೆ ಜವಳಿ ಅಂಗಡಿ ಇಟ್ಟುಕೊಡಬೇಕು, ಈಕೆ ಜಾಗ ಬಿಡಲಿ ಎಂದು, ವಕೀಲರ ಖರ್ಚು ಉಳಿಸಲು ತಾನೇ ದಾವಾ ಹಾಕಿದ್ದ. ಮಧ್ಯಾಹ್ನವೇ ವಿಚಾರಣೆ. ಅಂಗಡಿ ಹೋದರೆ ಭೀಮಕ್ಕನಿಗೆ ಬೇರೆ ಗತಿಯಿರಲಿಲ್ಲ.

ಬೆಳಗ್ಗೆಯೇ ಬಂದು ವಕೀಲರ ಜಗಲಿಯಲ್ಲಿ ಕೂತಳು. ಬಾಗಿಲು ತೆರೆದಿತ್ತು, ವಕೀಲರು ಕರಿಕೋಟು ತೊಟ್ಟು ಒಳಗೆ ಕಾಯುತ್ತಿದ್ದರು. ಆದರೂ ಇವಳ ಕಾಲು ಏಳಲೊಲ್ಲದು. ಬೆಳಗಿನ ಮೊದಲ ಗಿರಾಕಿ ಕಾಸು ಕೊಟ್ಟು ಬೋಣಿ ಮಾಡದೆ, ಸ್ವಂತ ಅಣ್ಣ ಕೇಳಿದರೂ ಹಿಡಿ ಪುರಿ ಕೊಟ್ಟವಳಲ್ಲ ಅವಳು. ಈ ವಕೀಲನೂ ಹೊಸದಾಗಿ ಅಂಗಡಿ ಇಟ್ಟ ಬಡಪಾಯಿ, ಮೊದಲ ಗಿರಾಕಿಯೇ ಪುಕ್ಕಟೆ ಅಂದರೆ ಆತನ ಗತಿ ಏನು? ಕೊಡೋಣವೆಂದರೆ ಆತ ಮುಟ್ಟುವುದೂ ಇಲ್ಲವಂತೆ. ಬೇರೆ ಯಾರಾದರೂ ಬೋಣಿ ಕೆಡಿಸಿದ ಪಾಪ ಕಟ್ಟಿಕೊಳ್ಳಲಿ, ಆಮೇಲೆ ಹೋದರಾಯಿತು ಎಂದುಕೊಂಡಳು.

ಕಂಬಳಿ ಮಾರುವ ಹುಲಿಕುಂಟೆಯ ಕ್ಯಾತಪ್ಪ ಬಂದ. ಅವನಿಗೂ ಅದೇ ಭಯ, ಅವನೂ ಕೂತ. ಬಳೆಯವರು, ಎಣ್ಣೆಯವರು, ಮಡಕೆಯವರು ಸೇರಿ ಜಗಲಿ ತುಂಬಿಹೋಯಿತು. ನೀನು ಹೋಗು, ನೀನು ಹೋಗು ಎಂದು ಒಬ್ಬರನ್ನೊಬ್ಬರು ತಿವಿಯುವುದೇ ಆಯಿತು. ಒಳಗೆ ವಕೀಲರಿಗೆ, ಈ ಊರಿನಲ್ಲಿ ಯಾರಿಗೂ ತಕರಾರೇ ಇಲ್ಲವಲ್ಲಪ್ಪ ಎಂಬ ಸಂಕಟ. ತಡೆಯಲಾರದೆ ಹೊರಗೆ ಬಂದು ಏನು ಸಮಾಚಾರ ಎಂದು ಕೇಳಿದರು.

“ಸುಮ್ಕೆ ಬಿಸ್ಲು ಕಾಯಿಸ್ತಾ ಕುಂತಿದ್ದೀವಿ ಸಾಮಿ” ಎಂದ ಕ್ಯಾತಪ್ಪ, ಬೆವರು ಒರೆಸಿಕೊಳ್ಳುತ್ತ.

ಹೊತ್ತು ಏರಿದ ಮೇಲೆ ಶಂಕರಲಿಂಗಪ್ಪ ಬಂದು ಬೋರ್ಡು ಓದಿದ. ಜಾಗ ಬಾಡಿಗೆಗೆ ಕೊಡುವುದೂ ವ್ಯಾಪಾರವೇ, ಆಳೂ ಸಣ್ಣವನೇ ಎಂದು ತನ್ನ ಕುಳ್ಳು ಮೈ ತೋರಿಸಿ ಸೀದಾ ಒಳಗೆ ನುಗ್ಗಿದ. ಸದ್ಯ, ಪಾಪ ಅವನ ತಲೆಗೆ ಹೋಯಿತು ಎಂದು ಜಗಲಿಯೆಲ್ಲ ಉಸಿರುಬಿಟ್ಟಿತು. ನಂದೀಶ್ವರಯ್ಯನವರಿಗಂತೂ ಕೈಕಾಲು ನಿಲ್ಲದಷ್ಟು ಸಂತೋಷ. ಎದುರು ಪಕ್ಷ ಯಾರೆಂದು ಕೇಳುವ ಮೊದಲೇ ವಕಾಲತ್ತಿಗೆ ರುಜು ಹಾಕಿಸಿಕೊಂಡರು.

ಅವನು ಹೊರಬಿದ್ದ ಮೇಲೆ, ಅಂಗಡಿ ಅಂದಮೇಲೆ ಎಲ್ಲ ಗಿರಾಕಿಯೂ ಒಂದೇ ಎಂದುಕೊಂಡು ಭೀಮಕ್ಕ ಒಳಗೆ ಹೋಗಿ ಹೆಸರು ಹೇಳಿದಳು. ವಕೀಲರ ಮುಖ ಬಿಳುಚಿಕೊಂಡಿತು. ರುಜು ಬಿದ್ದಾಯಿತು, ತಾನೀಗ ಆಕೆಯ ಎದುರು ಪಕ್ಷದವನು ಎಂದು ತೊದಲಿದರು.

ಮಧ್ಯಾಹ್ನ ನಂದೀಶ್ವರಯ್ಯನವರು ತಮ್ಮ ಮೊದಲ ಕೇಸು ಗೆದ್ದರು. ಭೀಮಕ್ಕನ ಪರ ಬಾಯಿ ಬಿಡುವವರೇ ಇರಲಿಲ್ಲ. ಅಂಗಡಿ ಕಳಕೊಂಡ ಅವಳು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತಳು. ವಕೀಲರು ತಲೆ ತಗ್ಗಿಸಿಕೊಂಡು ಹತ್ತಿರ ಬಂದರು. ಬೆಳಗಿನಿಂದ ನನ್ನ ಬಾಗಿಲಲ್ಲೇ ಇದ್ದಿರಲ್ಲ, ಒಳಗೆ ಯಾಕಮ್ಮ ಬರಲಿಲ್ಲ ಎಂದು ಕೇಳಿದರು.

ಭೀಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೊಸ್ದಾಗಿ ಅಂಗ್ಡಿ ಇಕ್ಕಿದ್ರಿ ಸಾಮಿ. ನಾನು ಪುಕ್ಕಟೆ ಬಂದು ನಿಮ್ ಬಾಳು ಹಾಳ್ ಮಾಡ್ಬುಟ್ರೆ ಅಂತ ಹೆದ್ರಿಕೊಂಡು ಕುಂತಿದ್ದೆ.”