ಹೆಸರು ಹಿಡಿದು ಹೇಳಿದ ಧನ್ಯವಾದ

ರಾತ್ರಿ ಒಂದೂವರೆಗೆ ನಾನು ಒಮ್ಮೆ ‘ಟಿಣ್’ ಎಂದೆ. ಸಣ್ಣ ಸದ್ದು. ಪಕ್ಕದಲ್ಲಿ ಮಲಗಿದ್ದ ಕಾತ್ಯಾಯಿನಿ ಟೀಚರ್ ಅರೆಗಣ್ಣು ತೆರೆದರು. ಇನ್ನೊಬ್ಬರು ಯಾರೋ ಮೆಚ್ಚಿ ಬರೆದಿದ್ದಾರೆ ಎಂದುಕೊಂಡು ನನ್ನನ್ನು ಬೋರಲು ಹಾಕಿ ಮಲಗಿದರು. ನಾನು ಇನ್ನಷ್ಟು ಗಟ್ಟಿಯಾಗಿ ಕೂಗಬಹುದಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ನನ್ನ ಸದ್ದು ನನ್ನ ಕೈಯಲ್ಲಿರಲಿಲ್ಲ.

ನಾನೊಂದು ಮೊಬೈಲ್ ಫೋನ್. ಹುಟ್ಟಿದ್ದು ದೊಡ್ಡ ಕಾರ್ಖಾನೆಯೊಂದರಲ್ಲಿ, ಬಿಳಿ ಟೋಪಿ ಹಾಕಿದ ಹುಡುಗಿಯರ ಸಾಲಿನ ನಡುವೆ. ಒಬ್ಬಳು ಗಾಜು ಕೂರಿಸಿದಳು, ಒಬ್ಬಳು ಸ್ಕ್ರೂ ತಿರುಗಿಸಿದಳು, ಕೊನೆಯವಳು ಒರೆಸಿ ಡಬ್ಬಿಗೆ ಹಾಕಿದಳು. ಅವರ ಹೆಸರು ನನಗೆ ಗೊತ್ತಿಲ್ಲ.

ನನ್ನ ಮೊದಲ ಒಡೆಯ ಪ್ರಮೋದ. ದಾವಣಗೆರೆಯ ಟ್ರ್ಯಾಕ್ಟರ್ ಷೋರೂಮಿನಲ್ಲಿ ಕೆಲಸ. ಯಾರು ಏನು ಉಪಕಾರ ಮಾಡಿದರೂ ಅವನು ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಮುಂದಿನ ಮಾತಿಗೆ ಹೋಗುತ್ತಿದ್ದ. ಎರಡು ವರ್ಷವಾದ ಮೇಲೆ ಹೊಸ ಫೋನ್ ಕೊಂಡು ನನ್ನನ್ನು ಅತ್ತೆಗೆ ಕೊಟ್ಟ. ಆ ಅತ್ತೆಯೇ ಕಾತ್ಯಾಯಿನಿ ಟೀಚರ್.

ಟೀಚರ್ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಅವರ ತರಗತಿಯಲ್ಲಿ ಒಂದು ಪದ್ಧತಿಯಿತ್ತಂತೆ. ಪಕ್ಕದವನಿಂದ ರಬ್ಬರ್ ಈಸಿಕೊಂಡ ಮಗು ಎದ್ದು ನಿಂತು, ಅವನ ಹೆಸರು ಹಿಡಿದು, ಎಲ್ಲರಿಗೂ ಕೇಳುವಂತೆ ಧನ್ಯವಾದ ಹೇಳಬೇಕು. ಹೆಸರು ಬಿಟ್ಟರೆ ಇನ್ನೊಮ್ಮೆ ಹೇಳಿಸುತ್ತಿದ್ದರು. ಅಳಿಯನ ಹೆಬ್ಬೆರಳಿನ ಚಿತ್ರ ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಇದೇನಪ್ಪಾ, ಬಸ್ಸಿಗೆ ಕೈ ತೋರಿಸ್ದಂಗೆ” ಎನ್ನುತ್ತಿದ್ದರು.

ಅವರ ಮಗಳು, ಪ್ರಮೋದನ ಹೆಂಡತಿ ವಿನುತಾಳಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಒಂಬೈನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ವಿನುತಾಳಿಗೆ ಹಾಲು ಇಳಿಯಲಿಲ್ಲ. ಇಷ್ಟು ಸಣ್ಣ ಮಗುವಿನ ಕರುಳಿಗೆ ಪುಡಿ ಹಾಲು ಒಗ್ಗುವುದು ಕಷ್ಟ, ತಾಯಿ ಹಾಲೇ ಬೇಕು, ಯಾರದ್ದಾದರೂ ಸರಿ, ಪರೀಕ್ಷೆ ಮಾಡಿ ಹಾಕುತ್ತೇವೆ ಎಂದರು ಡಾಕ್ಟರು. ಟೀಚರ್ ನನ್ನ ಮೂಲಕ ಒಂದು ವಾಟ್ಸಾಪ್ ಗುಂಪಿಗೆ ಸೇರಿದರು. ಹಾಲು ಹೆಚ್ಚಿರುವ ತಾಯಂದಿರು ಇಲ್ಲದ ಮಕ್ಕಳಿಗೆ ಕೊಡುವ ಗುಂಪು ಅದು. ನಡೆಸುತ್ತಿದ್ದವರು ನಿವೃತ್ತ ನರ್ಸ್ ಫಿಲೋಮಿನಾ ಸಿಸ್ಟರ್. ಅಲ್ಲಿ ಎಲ್ಲಕ್ಕಿಂತ ಮೇಲೆ ಒಂದು ನಿಯಮ ಬರೆದಿತ್ತು: ‘ಕೊಟ್ಟವರ ಹೆಸರು, ಫೋಟೋ ಹಾಕಬಾರದು. ಧನ್ಯವಾದಕ್ಕೆ ಒಂದು ಹಣತೆಯ ಚಿತ್ರ ಸಾಕು. ಅದು ಯಾರಿಗೆ ಎಂದು ಅವರಿಗೆ ತಿಳಿಯುತ್ತದೆ.’

ಹಾಲು ಕೊಡಲು ಒಪ್ಪಿದವಳು ರೂಪಶ್ರೀ ಎಂಬ ಬಾಣಂತಿ. ದಿನವೂ ಬೆಳಗ್ಗೆ ಹಿಟ್ಟಿನ ಗಿರಣಿಯ ಹತ್ತಿರ ಬರುತ್ತಿದ್ದಳು. ಜೋಳದ ಡಬ್ಬಿಯೊಳಗಿಂದ ಬಟ್ಟೆ ಸುತ್ತಿದ ಬಾಟಲಿ ತೆಗೆದು ಟೀಚರ ಚೀಲಕ್ಕೆ ಹಾಕುತ್ತಿದ್ದಳು. ಆಚೀಚೆ ನೋಡಿ, “ಬರ್ತೀನಿ ಟೀಚರ್” ಎಂದಷ್ಟೇ ಹೇಳಿ ಹೋಗುತ್ತಿದ್ದಳು. ಎಷ್ಟು ಸಂಕೋಚದ ಹುಡುಗಿ ಎಂದುಕೊಂಡರು ಟೀಚರ್. ಬಾಟಲಿ ಜೋಳದ ಡಬ್ಬಿಯಲ್ಲಿ ಏಕೆ ಬರುತ್ತದೆ ಎಂದು ಅವರು ಕೇಳಲಿಲ್ಲ. ಚೀಲದಲ್ಲಿ ಬಾಟಲಿಯ ಪಕ್ಕದಲ್ಲೇ ಇದ್ದ ನನಗೂ ಹೊಳೆಯಲಿಲ್ಲ.

ಹದಿನೆಂಟು ದಿನ ಟೀಚರ್ ಗುಂಪಿಗೆ ಹಣತೆ ಹಾಕಿದರು. ಪ್ರತಿ ಸಲವೂ ಅವರ ಬೆರಳು ನನ್ನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಏನನ್ನೋ ಕದ್ದು ತಿಂದವರ ಮುಖ ಮಾಡಿಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ದಿನ ಮಗು ಒಂದು ಕಿಲೋ ದಾಟಿತು. ಅಂದು ಸಂಜೆ ಅವರು ರೂಪಶ್ರೀಯ ಪ್ರೊಫೈಲಿನಲ್ಲಿದ್ದ ಫೋಟೋ ತೆಗೆದುಕೊಂಡರು. ಸುತ್ತ ಚೆಂಡುಹೂವಿನ ಅಂಚು ಕೊಟ್ಟು, ಕೆಳಗೆ ‘ನಮ್ಮ ಕಂದನಿಗೆ ಹಾಲುಣಿಸಿದ ಮಹಾತಾಯಿ ರೂಪಶ್ರೀಗೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಬರೆದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಆ ಗುಂಪಿಗೂ ಹಾಕಿದರು, ನಿವೃತ್ತ ಶಿಕ್ಷಕರ ಗುಂಪಿಗೂ ಹಾಕಿದರು. ಶಿಕ್ಷಕರು ಸಂತೋಷಪಟ್ಟು ಊರಿಗೆಲ್ಲ ಹಂಚಿದರು. ರಾತ್ರಿಯವರೆಗೂ ಕೈಮುಗಿದ ಚಿತ್ರಗಳು ಬರುತ್ತಲೇ ಇದ್ದವು. ಟೀಚರ್ ಒಂದೊಂದಕ್ಕೂ ಹೆಸರು ಹಿಡಿದು ಧನ್ಯವಾದ ಬರೆದು, ಸದ್ದು ಕಡಿಮೆ ಮಾಡಿ ಮಲಗಿದರು.

ಒಂದೂವರೆಗೆ ಬಂದದ್ದು ರೂಪಶ್ರೀಯ ಸಂದೇಶ: ‘ಟೀಚರ್ ನನ್ನ ಫೋಟೋ ತೆಗೀರಿ. ಮನೇಲಿ ಹೇಳಿರಲಿಲ್ಲ. ಅತ್ತೆ ಇನ್ನೂ ನೋಡಿಲ್ಲ.’

ಟೀಚರ್ ಅದನ್ನು ಓದಿದ್ದು ಬೆಳಗ್ಗೆ ಆರಕ್ಕೆ. ಕೂಡಲೇ ಎರಡು ಗುಂಪಿನಿಂದಲೂ ಚಿತ್ರ ಅಳಿಸಿದರು. ನಾನು ನನ್ನಲ್ಲಿರುವುದನ್ನು ಅಳಿಸಬಲ್ಲೆ. ಬೇರೆಯವರು ಹಂಚಿದ್ದು ನನ್ನ ಮಾತು ಕೇಳುವುದಿಲ್ಲ. ಏಳಕ್ಕೆ ರೂಪಶ್ರೀಯ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವಳ ಅತ್ತೆ.

“ನಮ್ಮ ಸೊಸೆ ಏನು ಹಾಲಿನ ಡೈರಿ ಇಟ್ಟಾಳೇನ್ರೀ?”

“ಅಮ್ಮಾ, ಅವಳದ್ದೇನೂ ತಪ್ಪಿಲ್ಲ…”

“ನಮ್ಮ ಮಗೀಗೆ ಕಣ್ಣು ಬೀಳತ್ತೆ ಅಂತ ಹೊರಗೆ ಕೂತು ಹಾಲು ಕುಡಿಸಾಕೂ ನಾವು ಬಿಡಲ್ಲ. ಇವ್ಳು ನೋಡಿದ್ರೆ ಡಬ್ಬೀಲಿಟ್ಟು ಹಂಚ್ಯಾಳೆ. ದಿನಾ ಗಿರಣಿಗೆ ಯಾಕೆ ಹೋಗ್ತಾಳೆ ಅಂತ ನಮಗೆ ತಿಳೀವಲ್ದಾಗಿತ್ತು. ನೀವು ಫೋಟೋ ಹಾಕಿ ತಿಳಿಸಿದ್ದು ಭಾಳ ಒಳ್ಳೇದಾತು. ಥ್ಯಾಂಕ್ಸ್ ರೀ ಟೀಚರ್.”

ಅಂದು ಗಿರಣಿಯ ಮುಂದೆ ಟೀಚರ್ ಹನ್ನೊಂದರವರೆಗೆ ನಿಂತಿದ್ದರು. ರೂಪಶ್ರೀ ಗುಂಪನ್ನು ಬಿಟ್ಟಳೆಂಬ ಬೂದುಬಣ್ಣದ ಒಂದು ಸಾಲು ನನ್ನ ಮೇಲೆ ಮೂಡಿತು. ಫಿಲೋಮಿನಾ ಸಿಸ್ಟರ್ ಫೋನ್ ಮಾಡಿ, “ನಿಯಮ ನಾನು ಸುಮ್ನೆ ಬರ್ದಿರಲಿಲ್ಲ ಟೀಚರ್” ಎಂದರು. ಆಮೇಲೆ, “ಬೇರೆಯವರನ್ನ ಹುಡುಕ್ತೀನಿ” ಎಂದರು. ಹುಡುಕಿದರು ಕೂಡ. ಆದರೆ ಆ ಚಿತ್ರ ಕಂಡ ತಾಯಂದಿರು ಹೆದರಿದ್ದರು. ಒಬ್ಬೊಬ್ಬರಾಗಿ ಗುಂಪು ಬಿಡುತ್ತಿದ್ದರು.

ಆಸ್ಪತ್ರೆಯಲ್ಲಿದ್ದ ವಿನುತಾ ಆ ಚಿತ್ರ ನೋಡಿರಲಿಲ್ಲ. ಹಾಲು ಏಕೆ ಬರಲಿಲ್ಲ ಎಂದು ಅವಳು ಕೇಳಿದಾಗ, “ಆ ಹುಡುಗಿಗೆ ಜ್ವರವಂತೆ ಕಣೆ” ಎಂದರು ಟೀಚರ್. ನಾನು ಅವರ ಬಾಯಿಂದ ಕೇಳಿದ ಮೊದಲ ಸುಳ್ಳು ಅದು.

ಪುಡಿ ಹಾಲು ಶುರುಮಾಡಿದರು. ನಾಲ್ಕನೆಯ ದಿನ ಮಗುವಿನ ಹೊಟ್ಟೆ ಉಬ್ಬಿತು. ಆರನೆಯ ದಿನ ಮಗು ತೀರಿಕೊಂಡಿತು. ಪುಡಿ ಹಾಲಿನಿಂದಲೇ ಆಯಿತೆಂದು ಹೇಳಲಾಗದು, ಇಷ್ಟು ಸಣ್ಣ ಮಕ್ಕಳಲ್ಲಿ ಹೇಗೂ ಆಗಬಹುದು ಎಂದರು ಡಾಕ್ಟರು. ಆ ಮಾತನ್ನು ಟೀಚರ್ ಎರಡು ಸಲ ಹೇಳಿಸಿಕೊಂಡರು. ಎರಡನೆಯ ಸಲವೂ ಅವರ ಮುಖ ತಿಳಿಯಾಗಲಿಲ್ಲ.

ನನಗೂ ವಯಸ್ಸಾಯಿತು. ಬ್ಯಾಟರಿ ಉಬ್ಬಿದೆ, ಗಾಜಿನ ಮೂಲೆ ಒಡೆದಿದೆ. ಎಷ್ಟೋ ಧನ್ಯವಾದಗಳು ನನ್ನ ಮೂಲಕ ಹಾದುಹೋಗಿವೆ. ಹೇಳುವವರ ಎದೆ ಹಗುರವಾಗುವುದನ್ನು ಪ್ರತಿಸಲ ಕಂಡಿದ್ದೇನೆ. ಅದು ತಲುಪಿದ ಮನೆಯಲ್ಲಿ ಏನಾಗುತ್ತದೆ ಎಂಬುದು ನನಗೆ ಇಲ್ಲಿಂದ ಕಾಣುವುದಿಲ್ಲ. ರೂಪಶ್ರೀಯಿಂದ ಮತ್ತೆ ಒಂದು ಸಂದೇಶವೂ ಬರಲಿಲ್ಲ.

ಮಗು ಹೋದ ತಿಂಗಳ ನಂತರ ಒಂದು ಮಧ್ಯಾಹ್ನ ವಿನುತಾ ತಾಯಿಯ ಪಕ್ಕದಲ್ಲಿ ಕುಳಿತಳು. “ಅಮ್ಮಾ, ಹಾಲು ಕೊಡ್ತಿದ್ದ ಆ ಹುಡುಗಿಗೆ ನಾವು ಒಂದು ಥ್ಯಾಂಕ್ಸೂ ಹೇಳ್ಲಿಲ್ಲ ನೋಡು. ನನ್ನ ಪರವಾಗಿ ನೀನೇ ಹೇಳಿಬಿಡು.”

“ಹೇಳಿದೀನಮ್ಮಾ” ಎಂದರು ಟೀಚರ್.

ಅವಳು ಎದ್ದು ಒಳಗೆ ಹೋದ ಮೇಲೆ ನನ್ನನ್ನು ಕೈಗೆತ್ತಿಕೊಂಡರು. ಮಗಳ ಹೆಸರು ತೆರೆದು, ‘ವಿನುತಾ, ಹಾಲು ನಿಂತದ್ದು ನನ್ನಿಂದ’ ಎಂದು ಬರೆದರು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಕೊನೆಯಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದರು. ಕೊನೆಗೆ ‘ವಿನುತಾ’ ಎಂಬುದಷ್ಟೇ ಉಳಿಯಿತು. ಅದನ್ನೂ ಅಳಿಸಿ, ನನ್ನನ್ನು ಆರಿಸಿ, ಹಳೆಯ ಸೀಮೆಸುಣ್ಣದ ಪೆಟ್ಟಿಗೆಯಿದ್ದ ಡ್ರಾಯರಿನಲ್ಲಿ ಮಲಗಿಸಿದರು. ಇದನ್ನು ಅವರು ಇನ್ನು ಯಾರಿಗೂ ಹೇಳುವುದಿಲ್ಲವೆಂದು, ಬೀಗದ ಕೈ ತಿರುಗಿದಾಗ ನನಗೆ ತಿಳಿಯಿತು.